ಕಣ್ಣಿಗೆ ನಿತ್ಯ ಏನು ಮಾಡುತ್ತೀರಿ, ಏನು ಹಾಕುವುದನ್ನು ಬಿಟ್ಟಿದ್ದೀರಿ?

ಕಾಲುವೆ ದಂಡೆ | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಇದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ.

ಆರು ವರ್ಷಗಳ ಹಿಂದೆ ಸುಗ್ಗಿಯಲ್ಲಿ ಅಮ್ಮನ ಬಲಗಣ್ಣಿಗೆ ಭತ್ತದ ಹೊಟ್ಟು ಹಾರಿ ಬಿತ್ತು. ಭತ್ತ ತೂರುವಾಗ ಇದೇನು ಹೊಸದಲ್ಲ. ಸೆರಗಿನ ತುದಿಯಿಂದ ಒರೆಸಿಕೊಂಡು ಕೆಲಸ ಮುಂದುವರಿಸಿದರು. ರಾತ್ರಿ ಕಣ್ಣು ಕೆಂಪಾಯಿತು. ಹಿತ್ತಲಿನ ನಂದಿಬಟ್ಟಲು ಹೂವಿನ ರಸ ಹಿಂಡಿದೆವು. ಮರುದಿನ ಪಕ್ಕದ ಮನೆಯ ಬಾಣಂತಿಯಿಂದ ಎರಡು ತೊಟ್ಟು ಎದೆಹಾಲು ಹಾಕಿಸಿದೆವು. ಕಡಿಮೆಯಾಗಲಿಲ್ಲ. ಚಿಕ್ಕಪ್ಪನಿಗೆ ಪೊರೆಯ ಆಪರೇಷನ್ ಆದಾಗ ಕೊಟ್ಟಿದ್ದ ಡ್ರಾಪ್ಸ್ ಅರ್ಧ ಶೀಶೆ ಉಳಿದಿತ್ತು, ಅದನ್ನೂ ಹಾಕಿದೆವು. ಎರಡೇ ದಿನದಲ್ಲಿ ಕೆಂಪು ಇಳಿಯಿತು. ‘ನೋಡು, ಆಸ್ಪತ್ರೆಯ ಖರ್ಚು ಉಳಿಯಿತು’ ಎಂದು ಅಮ್ಮ ಸಂತೋಷಪಟ್ಟರು. ವಾರದೊಳಗೆ ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಕಾಣಿಸಿತು. ಮೈಸೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ನೋವಿನಿಂದ ತಲೆ ಎತ್ತಲಾರದ ಸ್ಥಿತಿ. ಕಣ್ಣು ತೆಗೆಯುವುದು ತಪ್ಪಿತು. ಆದರೆ ಆ ಕಣ್ಣಿಗೆ ಈಗ ಬೆಳಕು ಮತ್ತು ನೆರಳು ಮಾತ್ರ ಗೊತ್ತಾಗುತ್ತದೆ.

ಅದರ ನಂತರ ಕಣ್ಣಿನ ವಿಷಯದಲ್ಲಿ ನನಗೆ ಭಯ ಹೊಕ್ಕಿದೆ. ನನ್ನ ಶಾಲೆಯಲ್ಲಿ 38 ಮಕ್ಕಳಿದ್ದಾರೆ, ಅಮ್ಮನ ಇನ್ನೊಂದು ಕಣ್ಣು ಇದೆ. ನಿಮ್ಮ ಮನೆಗಳಲ್ಲಿ ಕಣ್ಣಿಗಾಗಿ ನಿತ್ಯ ಏನು ಮಾಡುತ್ತೀರಿ, ಅನುಭವದಿಂದ ಏನನ್ನು ಬಿಟ್ಟಿದ್ದೀರಿ ಎಂದು ದಯವಿಟ್ಟು ಬರೆಯಿರಿ. ಪುಸ್ತಕದಲ್ಲಿ ಓದಿದ್ದು ಬೇಡ, ನಿಜವಾಗಿ ಪಾಲಿಸುತ್ತಿರುವುದು ಬೇಕು.

ನೇತ್ರಾಧಿಕಾರಿ | ಸೋಮವಾರ, ರಾತ್ರಿ 10.25

ಟೀಚರ್, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನೇತ್ರಾಧಿಕಾರಿ. ವೈದ್ಯನಲ್ಲ, ಆದರೆ ಕಣ್ಣು ತೋರಿಸಲು ಬಂದವರನ್ನು ಮೊದಲು ನೋಡುವವನು ನಾನೇ. ಪ್ರತಿ ಸುಗ್ಗಿಯಲ್ಲಿ ನಿಮ್ಮ ಅಮ್ಮನಂಥವರು ಬರುತ್ತಾರೆ. ಭತ್ತದ ಹೊಟ್ಟು, ಕಬ್ಬಿನ ಗರಿ, ಜೋಳದ ಸೋಗೆ, ಕಾರಣ ಯಾವುದಾದರೂ ಕಥೆ ಇದೇ.

ಆದದ್ದು ಏನೆಂದು ಹೇಳುತ್ತೇನೆ. ಹೊಟ್ಟು ಗೀರಿದಾಗ ಕರಿಗುಡ್ಡೆಯ ಮೇಲ್ಪದರ ಸುಲಿದಿರುತ್ತದೆ. ಬೆಳೆಯ ಚೂರಿನ ಜೊತೆ ಶಿಲೀಂಧ್ರ, ನಾವು ಬೂಷ್ಟು ಎನ್ನುತ್ತೇವಲ್ಲ ಅದು, ಆ ಗಾಯದೊಳಗೆ ಇಳಿಯುತ್ತದೆ. ಹೂವಿನ ರಸ, ಎದೆಹಾಲು ಹಾಕಿದರೆ ಗಾಯಕ್ಕೆ ಇನ್ನಷ್ಟು ಸೂಕ್ಷ್ಮಾಣುಗಳನ್ನು ಬಿಟ್ಟ ಹಾಗೆ. ಪೊರೆಯ ಆಪರೇಷನ್ ನಂತರ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಅದು ಊತ ಮತ್ತು ಕೆಂಪನ್ನು ಇಳಿಸುತ್ತದೆ, ಜೊತೆಗೆ ಸೋಂಕಿನ ವಿರುದ್ಧ ಹೋರಾಡುವ ದೇಹದ ಕೈಯನ್ನೂ ಕಟ್ಟಿಹಾಕುತ್ತದೆ. ಮೇಲೆ ನೋಡಿದರೆ ವಾಸಿಯಾದಂತೆ, ಒಳಗೆ ಬೂಷ್ಟು ಹಬ್ಬುತ್ತಿರುತ್ತದೆ. ಇದರಲ್ಲಿ ನಿಮ್ಮ ತಪ್ಪಿಲ್ಲ. ಕೆಂಪು ಇಳಿದರೆ ಕಣ್ಣು ವಾಸಿಯಾಯಿತು ಎಂದು ಯಾರಾದರೂ ನಂಬುತ್ತಾರೆ.

ಬಿಡಬೇಕಾದ ಅಭ್ಯಾಸ ಯಾವುದು ಎಂದು ಕೇಳಿದಿರಿ. ನನ್ನನ್ನು ಕೇಳಿದರೆ ಅದು ಉಳಿದ ಡ್ರಾಪ್ಸ್ ಎತ್ತಿಡುವುದು. ಶೀಶೆ ತೆರೆದು ಒಂದು ತಿಂಗಳಾಯಿತೆಂದರೆ ಬಿಸಾಡಿ. ಒಬ್ಬರ ಡ್ರಾಪ್ಸ್ ಇನ್ನೊಬ್ಬರಿಗೆ ಬೇಡವೇ ಬೇಡ. ಔಷಧದ ಅಂಗಡಿಯಲ್ಲಿ ‘ಕಣ್ಣು ಕೆಂಪಾಗಿದೆ, ಏನಾದರೂ ಕೊಡಿ’ ಎಂದು ಕೇಳುವುದೂ ಬೇಡ. ಸ್ಟೀರಾಯ್ಡ್ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿಕೊಂಡವರಲ್ಲಿ ಕಣ್ಣಿನ ಒತ್ತಡ ಏರಿ ನರ ಹಾಳಾಗಬಹುದು, ಪೊರೆಯೂ ಬೇಗ ಬರಬಹುದು.

ತೂರುವಾಗ, ಕಬ್ಬು ಕಡಿಯುವಾಗ ಒಂದು ಸಾದಾ ಪ್ಲಾಸ್ಟಿಕ್ ಕನ್ನಡಕ ಸಾಕು. ಏನಾದರೂ ಬಿದ್ದರೆ ಉಜ್ಜಬೇಡಿ, ಶುದ್ಧ ನೀರಿನಲ್ಲಿ ತೊಳೆಯಿರಿ. ಆಮೇಲೂ ನೋವು, ಮಂಜು, ಬೆಳಕು ಕಂಡರೆ ಕುಕ್ಕುವುದು ಇದ್ದರೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಬೆಳೆಯ ಚೂರು ಬಿತ್ತು ಎಂದು ಮೊದಲ ಮಾತಿನಲ್ಲೇ ಹೇಳಿ.

ಎಂಟನೇ ಮಹಡಿ | ಮಂಗಳವಾರ, ಬೆಳಿಗ್ಗೆ 8.10

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮೇಡಂ ಅನುಭವದ ಮುಂದೆ ನನ್ನದು ಚಿಕ್ಕದು, ಆದರೂ ಬರೆಯುತ್ತೇನೆ, ಏಕೆಂದರೆ ನನ್ನಂತೆ ದಿನಕ್ಕೆ ಹತ್ತು ಗಂಟೆ ಪರದೆ ನೋಡುವವರು ಇಲ್ಲಿ ಬಹಳ ಜನ ಇದ್ದಾರೆ.

ಎರಡು ವರ್ಷ ಸಂಜೆಯಾದರೆ ಕಣ್ಣಿನಲ್ಲಿ ಮರಳು ಸುರಿದಂತೆ ಆಗುತ್ತಿತ್ತು. ವಿಚಿತ್ರವೆಂದರೆ ನೀರೂ ಸುರಿಯುತ್ತಿತ್ತು. ಒಣಕಣ್ಣು ಎಂದು ವೈದ್ಯರು ಹೇಳಿದಾಗ ನಂಬಲಿಲ್ಲ, ನೀರು ಸುರಿಯುವ ಕಣ್ಣು ಒಣಗುವುದು ಹೇಗೆ? ಕಣ್ಣೀರಿನ ಪದರ ಬೇಗ ಹರಿದುಹೋದರೆ ಕಣ್ಣಿಗೆ ಉರಿ ಹತ್ತುತ್ತದೆ, ಉರಿಗೆ ಉತ್ತರವಾಗಿ ಒಮ್ಮೆಲೇ ನೀರು ಬರುತ್ತದೆ ಎಂದು ಅವರು ವಿವರಿಸಿದರು. ಸುಮ್ಮನೆ ಮಾತಾಡುತ್ತಿರುವಾಗ ನಿಮಿಷಕ್ಕೆ ಸುಮಾರು ಹದಿನೈದು ಸಲ ರೆಪ್ಪೆ ಬಡಿಯುವ ನಾವು ಪರದೆಯ ಮುಂದೆ ಅದರ ಅರ್ಧದಷ್ಟೂ ಬಡಿಯುವುದಿಲ್ಲ, ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ಅಂದು ಸಂಜೆಯೇ ನನ್ನನ್ನು ನಾನು ಗಮನಿಸಿದೆ, ಮಾತು ನಿಜವಾಗಿತ್ತು.

ಈಗ ಮೂರು ಬದಲಾವಣೆ ಮಾಡಿಕೊಂಡಿದ್ದೇನೆ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ, ಒಂದು ತೋಳಿನಷ್ಟು ದೂರ ಇಟ್ಟಿದ್ದೇನೆ. ಕೆಳಗೆ ನೋಡುವಾಗ ರೆಪ್ಪೆ ಅರ್ಧ ಇಳಿದಿರುವುದರಿಂದ ಕಣ್ಣು ಕಡಿಮೆ ಒಣಗುತ್ತದೆ. ಏಸಿ ಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತಿದ್ದ ಜಾಗ ಬದಲಿಸಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡಬೇಕು ಎನ್ನುತ್ತಾರಲ್ಲ, ಅದಕ್ಕೆ ನನಗೆ ಕಚೇರಿಯ ಎದುರಿನ ಹೊಂಗೆಮರ ಇದೆ. ಆ ಮರ ಚಿಗುರುವುದನ್ನು ಈ ವರ್ಷ ದಿನದಿನವೂ ನೋಡಿದೆ. ನೋಡುವಾಗ ಹತ್ತು ಸಲ ನಿಧಾನವಾಗಿ, ಮೇಲಿನ ರೆಪ್ಪೆ ಕೆಳಗಿನದಕ್ಕೆ ತಾಗುವಂತೆ ಕಣ್ಣು ಮುಚ್ಚಿ ತೆರೆಯುತ್ತೇನೆ.

ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಸಾಕಷ್ಟು ಹಣ ಕೊಟ್ಟಿದ್ದೆ. ಅದರಿಂದ ಏನೂ ವ್ಯತ್ಯಾಸ ಕಾಣಲಿಲ್ಲ. 2023ರಲ್ಲಿ ಕಾಕ್ರೇನ್ ಸಂಸ್ಥೆ ಲಭ್ಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಕಣ್ಣಿನ ಆಯಾಸಕ್ಕೆ ಸಾದಾ ಗಾಜಿಗಿಂತ ಇದು ಹೆಚ್ಚು ಉಪಯೋಗವಾಗುವಂತೆ ಕಂಡಿಲ್ಲ.

ನೇತ್ರಾಧಿಕಾರಿ | ಮಂಗಳವಾರ, ಬೆಳಿಗ್ಗೆ 8.55

ಸರಿಯಾಗಿ ಬರೆದಿದ್ದೀರಿ. ಒಂದು ಮಾತು ಸೇರಿಸುತ್ತೇನೆ. ಒಣಕಣ್ಣಿಗೆ ಕೃತಕ ಕಣ್ಣೀರಿನ ಡ್ರಾಪ್ಸ್ ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಸಂರಕ್ಷಕ ರಾಸಾಯನಿಕ ಇಲ್ಲದ್ದನ್ನು ಕೇಳಿ ಪಡೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿದ್ದರೆ, ನಲ್ಲಿ ನೀರು ಲೆನ್ಸ್‌ಗೆ ಎಂದಿಗೂ ತಾಗಬಾರದು, ಹಾಕಿಕೊಂಡು ಮಲಗಲೂಬಾರದು.

ಹುಬ್ಬಳ್ಳಿಯ ಸೂಜಿ | ಮಂಗಳವಾರ, ಮಧ್ಯಾಹ್ನ 3.30

ಅಕ್ಕಾವರೇ, ನಾನು ದರ್ಜಿ. ಮೂವತ್ತು ವರ್ಷಗಳಿಂದ ಹೊಲಿಯುತ್ತಿದ್ದೇನೆ. ನಲವತ್ಮೂರಕ್ಕೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಯಿತು. ಚಾಳೀಸು ಎನ್ನುವ ಹೆಸರೇ ನಲವತ್ತರಿಂದ ಬಂದದ್ದು, ಆ ವಯಸ್ಸಿಗೆ ಕಣ್ಣೊಳಗಿನ ಮಸೂರ ಗಡುಸಾಗುತ್ತದೆ, ಎಲ್ಲರಿಗೂ ಬರುತ್ತದೆ. ಆದರೆ ‘ಒಮ್ಮೆ ಹಾಕಿದರೆ ನಂಬರ್ ಏರುತ್ತಲೇ ಹೋಗುತ್ತದೆ’ ಎಂದು ಅಂಗಡಿಗೆ ಬರುವವರೆಲ್ಲ ಹೆದರಿಸಿದರು. ಎರಡು ವರ್ಷ ಹಾಕಲಿಲ್ಲ. ತಲೆನೋವು, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ತಪ್ಪುವುದು, ಕೊನೆಗೆ ಒಂದು ಮದುವೆಯ ಕೋಟಿನ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹಾಕಬೇಕಾಯಿತು. ನಂಬರ್ ಏರುವುದು ವಯಸ್ಸಿನಿಂದ, ಕನ್ನಡಕದಿಂದ ಅಲ್ಲ ಎಂದು ಆಮೇಲೆ ತಿಳಿಯಿತು.

ಈಗ ಮೆಷಿನ್ ಎಡಬದಿಗೆ ಒಂದು ದೀಪ ಇದೆ, ಬೆಳಕು ಬಟ್ಟೆಯ ಮೇಲೆ ಬೀಳುತ್ತದೆ, ಕಣ್ಣಿಗಲ್ಲ.

ಇನ್ನೊಂದು ಮಾತು ನೆನಪಾಯಿತು. ನಮ್ಮ ಅಜ್ಜನಿಗೆ ಪೊರೆ ತೆಗೆದದ್ದು ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ. ಆ ಕಾಲದಲ್ಲಿ ಕಣ್ಣೊಳಗೆ ಮಸೂರ ಇಡುತ್ತಿರಲಿಲ್ಲ, ಆಪರೇಷನ್ ನಂತರ ಸೀಸೆಯ ತಳದಂಥ ದಪ್ಪ ಕನ್ನಡಕ. ಅದನ್ನು ಹಾಕಿಕೊಂಡು ಅಜ್ಜ ಹತ್ತು ವರ್ಷ ಹೊಲ ನೋಡಿದರು. ನಮ್ಮ ಮನೆಯಲ್ಲಿ ಇಂದಿಗೂ ಆ ವೈದ್ಯರ ಹೆಸರು ತೆಗೆಯುವಾಗ ಕೈ ಮುಗಿಯುತ್ತಾರೆ.

ಸಮಭಾಜಕದ ಮನೆ | ಮಂಗಳವಾರ, ರಾತ್ರಿ 9.15

ಟೀಚರ್, ನಿಮ್ಮ 38 ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಊರು ಶಿವಮೊಗ್ಗ, ಒಂಬತ್ತು ವರ್ಷಗಳಿಂದ ಸಿಂಗಪುರದಲ್ಲಿದ್ದೇವೆ. ಮಗಳಿಗೆ ಆರು ವರ್ಷಕ್ಕೇ ಮೈನಸ್ ನಂಬರ್, ಅಂದರೆ ದೂರದ್ದು ಮಸುಕಾಗುವ ಸಮೀಪದೃಷ್ಟಿ ಬಂತು, ಎಂಟಕ್ಕೆ ನಂಬರ್ ಮೂರು ಆಯಿತು. ಇಲ್ಲಿ ಅವಳ ತರಗತಿಯಲ್ಲಿ ಕನ್ನಡಕ ಇಲ್ಲದ ಮಗುವನ್ನು ಹುಡುಕಬೇಕು. ಈ ದೇಶ 2001ರಿಂದಲೇ ಮಕ್ಕಳ ಸಮೀಪದೃಷ್ಟಿ ತಡೆಯಲು ರಾಷ್ಟ್ರೀಯ ಕಾರ್ಯಕ್ರಮ ನಡೆಸುತ್ತಿದೆ ಎಂದರೆ ಸಮಸ್ಯೆ ಎಷ್ಟು ದೊಡ್ಡದು ಎಂದು ಊಹಿಸಿ.

ನಂಬರ್ ಬಂದರೆ ಕನ್ನಡಕ ಹಾಕಿದರಾಯಿತು ಎಂದು ನಾವೂ ಅಂದುಕೊಂಡಿದ್ದೆವು. ಸಮೀಪದೃಷ್ಟಿಯಲ್ಲಿ ಕಣ್ಣುಗುಡ್ಡೆಯೇ ಹಿಂದಕ್ಕೆ ಉದ್ದವಾಗುತ್ತದೆ, ಉದ್ದವಾದದ್ದು ಮತ್ತೆ ಗಿಡ್ಡವಾಗುವುದಿಲ್ಲ. ನಂಬರ್ ತುಂಬಾ ಹೆಚ್ಚಾದವರಿಗೆ ಮುಂದೆ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರ, ಕಳಚುವ ಅಪಾಯ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಅಪಾಯ ಹೆಚ್ಚು. ಹಾಗಾಗಿ ಚಿಕ್ಕಂದಿನಲ್ಲೇ ತಡೆಯಬೇಕು.

ತಡೆಯುವುದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಸಾಬೀತಾಗಿರುವುದು ಬಯಲು. ತೈವಾನ್ 2010ರಲ್ಲಿ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕು ಎಂಬ ಕಾರ್ಯಕ್ರಮ ತಂದಿತು. ವರ್ಷದಿಂದ ವರ್ಷಕ್ಕೆ ಏರುತ್ತಿದ್ದ ಮಕ್ಕಳ ಸಮೀಪದೃಷ್ಟಿ ಅಲ್ಲಿ ಇಳಿಯತೊಡಗಿತು. ಆಟವೇ ಆಡಬೇಕೆಂದಿಲ್ಲ, ಬೆಳಕು ಮುಖ್ಯ. ತರಗತಿಯೊಳಗೆ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಬೆಳಕಿದ್ದರೆ ಹೊರಗೆ ಮರದ ನೆರಳಿನಲ್ಲೂ ಸಾವಿರಗಳಲ್ಲಿ ಇರುತ್ತದೆ. ಆ ಬೆಳಕಿಗೆ ರೆಟಿನಾದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸ್ರವಿಸಿ ಕಣ್ಣು ಉದ್ದವಾಗುವುದನ್ನು ನಿಧಾನಗೊಳಿಸುತ್ತದೆ ಎಂಬುದು ಸಂಶೋಧಕರು ಕೊಡುವ ಮುಖ್ಯ ವಿವರಣೆ.

ಮಗಳಿಗೆ ವೈದ್ಯರು ರಾತ್ರಿ ಹಾಕಲು ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಕೊಟ್ಟಿದ್ದಾರೆ, ಆರು ತಿಂಗಳಿಗೊಮ್ಮೆ ಅಳೆಯುತ್ತಾರೆ. ಏರುವುದು ನಿಧಾನವಾಗಿದೆ. ಆದರೆ ನಾನು ಬೆಳೆದ ಅಂಗಳ, ಆ ಗದ್ದೆಯ ಬದು ಅವಳಿಗಿದ್ದಿದ್ದರೆ ಈ ಡ್ರಾಪ್ಸ್ ಬೇಕಾಗುತ್ತಿತ್ತೇ ಎಂದು ಪ್ರತಿ ರಾತ್ರಿ ಶೀಶೆ ಕೈಗೆತ್ತಿಕೊಂಡಾಗ ಅನ್ನಿಸುತ್ತದೆ. ನಿಮ್ಮಲ್ಲಿ ಅಂಗಳ ಇದೆ, ದಯವಿಟ್ಟು ಬಳಸಿಕೊಳ್ಳಿ.

ಕಾಲುವೆ ದಂಡೆ | ಮಂಗಳವಾರ, ರಾತ್ರಿ 10.05

ಅಕ್ಕ, ನಿಮ್ಮ ಕೊನೆಯ ಸಾಲು ಮನಸ್ಸಿಗೆ ನಾಟಿತು. ನಮ್ಮ ಶಾಲೆಯ ಮುಂದೆ ದೊಡ್ಡ ಹುಣಸೆಮರ ಇದೆ. ನಾಳೆಯಿಂದ ಕನ್ನಡ ಪಾಠ ಮತ್ತು ಮಗ್ಗಿ ಅದರ ಕೆಳಗೇ. ಈಗ ಹಳ್ಳಿಯ ಮಕ್ಕಳೂ ಶಾಲೆ ಬಿಟ್ಟೊಡನೆ ಮೊಬೈಲ್ ಹಿಡಿದು ಕತ್ತಲ ಮೂಲೆ ಸೇರುತ್ತಾರೆ. ಪೋಷಕರ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ.

ತೀರ್ಥಹಳ್ಳಿ ಅಜ್ಜಿ | ಬುಧವಾರ, ಬೆಳಿಗ್ಗೆ 7.20

ಎಲ್ಲರೂ ಹಳೆಯದೆಲ್ಲ ತಪ್ಪು ಎನ್ನುವಂತೆ ಬರೆಯುತ್ತಿದ್ದೀರಿ, ನನಗೆ ಬೇಸರವಾಯಿತು. ನನಗೆ 71 ವರ್ಷ. ನಮ್ಮ ಅಮ್ಮ ಹರಳೆಣ್ಣೆ ದೀಪದ ಮಸಿ ಹಿಡಿದು, ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡುತ್ತಿದ್ದರು. ನಾವು ಏಳು ಮಕ್ಕಳು, ಹುಟ್ಟಿದ ಹನ್ನೊಂದನೇ ದಿನದಿಂದ ಹಚ್ಚಿಸಿಕೊಂಡವರು. ಯಾರಿಗೂ ಏನೂ ಆಗಿಲ್ಲ. ಶನಿವಾರ ತಲೆಗೆ ಎಣ್ಣೆ ಒತ್ತಿ ಅಭ್ಯಂಜನ ಮಾಡಿದರೆ ಕಣ್ಣು ತಂಪಾಗುತ್ತದೆ ಎನ್ನುವುದೂ ಸುಳ್ಳೇ? ಈಗ ನನ್ನ ಮೊಮ್ಮಗನಿಗೆ ಎರಡು ತಿಂಗಳು. ಸೊಸೆ ಕಾಡಿಗೆ ಹಚ್ಚಲು ಬಿಡುತ್ತಿಲ್ಲ.

ನೇತ್ರಾಧಿಕಾರಿ | ಬುಧವಾರ, ಬೆಳಿಗ್ಗೆ 8.40

ಅಮ್ಮಾ, ಬೇಸರ ಮಾಡಿಕೊಳ್ಳಬೇಡಿ. ಅಭ್ಯಂಜನಕ್ಕೆ ಯಾರ ಆಕ್ಷೇಪವೂ ಇಲ್ಲ. ತಲೆಗೆ, ಅಂಗಾಲಿಗೆ ಎಣ್ಣೆ ಒತ್ತಿದರೆ ನಿದ್ದೆ ಚೆನ್ನಾಗಿ ಬರುತ್ತದೆ, ನನ್ನ ತಾಯಿ ಇಂದಿಗೂ ನನಗೆ ಮಾಡುತ್ತಾರೆ. ಕಣ್ಣಿನೊಳಗೆ ಎಣ್ಣೆ ಬಿಡುವುದು ಬೇಡ, ಅಷ್ಟೇ.

ಕಾಡಿಗೆಯ ವಿಷಯದಲ್ಲಿ ನಿಮ್ಮ ಸೊಸೆ ಹೇಳುವುದು ಸರಿ. ಎಳೆಗೂಸಿನ ಕಣ್ಣೀರು ಮೂಗಿಗೆ ಇಳಿಯುವ ನಾಳ ಬಹಳ ಸಣ್ಣದು, ಕೆಲವು ಮಕ್ಕಳಿಗೆ ಹುಟ್ಟಿದಾಗ ಅದು ಪೂರ್ತಿ ತೆರೆದಿರುವುದೂ ಇಲ್ಲ. ಅಲ್ಲಿ ಮಸಿ ಮತ್ತು ತುಪ್ಪ ಸೇರಿದರೆ ಗೀಜು ಕಟ್ಟುತ್ತದೆ. ಹಚ್ಚುವ ಬೆರಳಿನ ಉಗುರು ತಾಗಬಹುದು, ಬೆರಳಿನ ಕೊಳೆ ಒಳಗೆ ಹೋಗಬಹುದು. ಇವತ್ತಿನ ಪೇಟೆಯ ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುವುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ, ಸೀಸ ಮಗುವಿನ ಮಿದುಳಿಗೆ ಕೆಟ್ಟದ್ದು. ನಿಮ್ಮ ಏಳು ಜನಕ್ಕೂ ಏನೂ ಆಗದಿದ್ದದ್ದು ನಿಮ್ಮ ಅಮ್ಮನ ಕೈಶುಚಿಯಿಂದ ಇರಬಹುದು. ಆದರೆ ಆಸ್ಪತ್ರೆಗೆ ಬರುವ ಮಕ್ಕಳನ್ನು ನಾನು ನೋಡುತ್ತೇನಲ್ಲ ಅಮ್ಮಾ.

ತೀರ್ಥಹಳ್ಳಿ ಅಜ್ಜಿ | ಬುಧವಾರ, ಬೆಳಿಗ್ಗೆ 11.00

ನನ್ನ ಕಣ್ಣಿನ ಕಾಡಿಗೆ ನಾನು ಬಿಡುವುದಿಲ್ಲ, ಅದು ಅಮ್ಮನ ನೆನಪು. ಮೊಮ್ಮಗನಿಗೆ ದೃಷ್ಟಿಬೊಟ್ಟು ಅಂಗಾಲಿಗೆ ಇಡುತ್ತೇನೆ. ಸೊಸೆಗೆ ಹೇಳಿದೆ, ನಕ್ಕಳು.

ರಾತ್ರಿ ಪಾಳಿ | ಬುಧವಾರ, ಸಂಜೆ 5.45

ನಾನು ಬಸ್ ಚಾಲಕ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ನನ್ನ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ದೂರದ ಬೋರ್ಡ್ ಎಲ್ಲರಿಗಿಂತ ಮೊದಲು ನಾನೇ ಓದುತ್ತಿದ್ದೆ. ಹೆಂಡತಿಯ ಒತ್ತಾಯಕ್ಕೆ ಪರೀಕ್ಷೆಗೆ ಹೋದೆ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಒಳಗೆ ನೋಡಿದಾಗ ರೆಟಿನಾದ ರಕ್ತನಾಳಗಳು ಸೋರುತ್ತಿದ್ದವು. ಕಾಣುವುದು ಕಡಿಮೆಯಾಗುವ ಮೊದಲೇ ಸಿಕ್ಕಿದ್ದರಿಂದ ಲೇಸರ್‌ನಲ್ಲಿ ನಿಂತಿತು. ಕಣ್ಣು ಮಂಜಾದ ಮೇಲೆ ಬಂದಿದ್ದರೆ ಕೆಲಸವೂ ಹೋಗುತ್ತಿತ್ತು, ನನ್ನನ್ನು ನಂಬಿ ಹಿಂದೆ ಮಲಗಿರುವ ಪ್ರಯಾಣಿಕರ ಗತಿ ಏನು ಎಂದು ಯೋಚಿಸಿದರೆ ಇಂದಿಗೂ ನಡುಕ ಬರುತ್ತದೆ.

ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿ. ಆ ದಿನ ಗಾಡಿ ಓಡಿಸಬೇಡಿ, ಕೆಲವು ಗಂಟೆ ಎಲ್ಲವೂ ಮಸುಕಾಗಿ, ಬೆಳಕು ಕಣ್ಣಿಗೆ ಹೊಡೆಯುತ್ತದೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ನಲವತ್ತಾದ ಮೇಲೆ ಅದನ್ನೂ ನೋಡಿಸಿ. ಅದು ಅಂಚಿನಿಂದ ದೃಷ್ಟಿ ತಿನ್ನುತ್ತಾ ಬರುತ್ತದೆಯಂತೆ, ನೋವೂ ಇಲ್ಲ, ಸುಳಿವೂ ಇಲ್ಲ.

ಆಶಾ ಚೀಲ | ಬುಧವಾರ, ರಾತ್ರಿ 8.30

ನಾನು ಆಶಾ ಕಾರ್ಯಕರ್ತೆ. ಟೀಚರ್, ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ ಎ ಜೀವಸತ್ವದ ಸಿರಪ್ ಒಂದು ಲಕ್ಷ ಯೂನಿಟ್ ಕೊಡುತ್ತೇವೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ. ಮೊದಲನೆಯದಕ್ಕೆ ಎಲ್ಲರೂ ಬರುತ್ತಾರೆ, ನಡಿಗೆ ಕಲಿತ ಮೇಲೆ ತಾಯಂದಿರು ಮರೆಯುತ್ತಾರೆ. ನಿಮ್ಮ ಮಕ್ಕಳ ತಮ್ಮ, ತಂಗಿಯರ ಬಗ್ಗೆ ವಿಚಾರಿಸಿ. ಸಂಜೆ ಮಬ್ಬಿನಲ್ಲಿ ಎಡವುವ ಮಗು ಇದ್ದರೆ ಇರುಳುಗಣ್ಣು ಇರಬಹುದು, ಕೂಡಲೇ ತೋರಿಸಿ.

ಕ್ಯಾರೆಟ್ ಕೊಳ್ಳಲು ಹಣವಿಲ್ಲ ಎನ್ನುವವರಿಗೆ ನಾನು ನುಗ್ಗೆಸೊಪ್ಪು ತೋರಿಸುತ್ತೇನೆ. ಹರಿವೆ, ಪಪ್ಪಾಯಿ, ಮಾವು ಎಲ್ಲದರಲ್ಲೂ ಇದೆ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಇರಲಿ, ಎಣ್ಣೆ ಇಲ್ಲದೆ ಆ ಸತ್ವ ಮೈಗೆ ಸರಿಯಾಗಿ ಹಿಡಿಯುವುದಿಲ್ಲ.

ಇನ್ನೊಂದು ವಿಷಯ. ಎಲೆಯಡಿಕೆಯ ಸುಣ್ಣವನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನಮ್ಮ ಬೀದಿಯ ಮೂರು ವರ್ಷದ ಹುಡುಗಿ ಸುಣ್ಣದ ಪ್ಯಾಕೆಟ್ ಹಿಸುಕಿ ಕಣ್ಣಿಗೆ ಚಿಮ್ಮಿಸಿಕೊಂಡಿತು. ಅದರ ಅಜ್ಜ ಮಗುವನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಹಿಡಿದರು, ಅರ್ಧ ಗಂಟೆ ನೀರು ಬಿಟ್ಟು ಆಮೇಲೆ ಆಸ್ಪತ್ರೆಗೆ ಓಡಿದರು. ಆ ನೀರೇ ಕಣ್ಣು ಉಳಿಸಿತು ಎಂದು ವೈದ್ಯರು ಹೇಳಿದರು.

ಎಂಟನೇ ಮಹಡಿ | ಬುಧವಾರ, ರಾತ್ರಿ 9.50

ಮೇಡಂ, ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ಅಮ್ಮನ ಆ ಕಣ್ಣಿಗೆ ಕಾರ್ನಿಯಾ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ) ಕಸಿ ಸಾಧ್ಯವಿಲ್ಲವೇ?

ಕಾಲುವೆ ದಂಡೆ | ಬುಧವಾರ, ರಾತ್ರಿ 10.10

ಸಾಧ್ಯವಿದೆ ಎಂದಿದ್ದಾರೆ, ಹೆಸರು ಬರೆಸಿದ್ದೇವೆ. ದಾನಿಗಾಗಿ ಕಾಯುತ್ತಿದ್ದೇವೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಎಂದು ಸುದ್ದಿ ಕೇಳಿದ ದಿನ ಅಮ್ಮ ರೇಡಿಯೋ ಮುಂದೆ ಕುಳಿತು ಅತ್ತರು. ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇವೆ, ನಾವು ಹೋದಾಗ ಆರು ಗಂಟೆಯೊಳಗೆ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟು ಫ್ಯಾನ್ ಆರಿಸಬೇಕು ಎಂದು.

ನೇತ್ರಾಧಿಕಾರಿ | ಬುಧವಾರ, ರಾತ್ರಿ 10.30

ಟೀಚರ್, ಒಂದು ಕೆಲಸ ಮಾಡುತ್ತೀರಾ? ನಮ್ಮ ತಂಡ ನಿಮ್ಮ ಕಡೆಯ ಶಾಲೆಗಳಿಗೆ ಬರಲು ಇನ್ನೂ ಸಮಯವಿರಬಹುದು. ದಪ್ಪ ಅಕ್ಷರದ ಚಾರ್ಟ್ ಅಂಗಳದಲ್ಲಿ ತೂಗುಹಾಕಿ, ಟೇಪ್ ಹಿಡಿದು ಆರು ಮೀಟರ್ ಅಳೆದು ಗೆರೆ ಎಳೆಯಿರಿ. ಒಂದೊಂದು ಕಣ್ಣನ್ನೇ ಮುಚ್ಚಿಸಿ ಓದಿಸಿ. ಎರಡೂ ಕಣ್ಣು ತೆರೆದಿರುವಾಗ ಒಳ್ಳೆಯ ಕಣ್ಣು ಕೆಟ್ಟದ್ದರ ಕೆಲಸವನ್ನೂ ಮಾಡಿಬಿಡುತ್ತದೆ, ಮಗುವಿಗೇ ತಿಳಿಯುವುದಿಲ್ಲ. ಒಂದು ಕಣ್ಣು ಹಿಂದೆ ಬಿದ್ದಿದ್ದರೆ ಮಿದುಳು ಅದನ್ನು ನೋಡಲು ಕಲಿಯುವುದನ್ನೇ ಬಿಡುತ್ತದೆ, ಸೋಮಾರಿ ಕಣ್ಣು ಎನ್ನುತ್ತೇವೆ. ಏಳೆಂಟು ವರ್ಷದೊಳಗೆ ಸಿಕ್ಕಿದರೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ ಚೆನ್ನಾಗಿ ಸರಿಪಡಿಸಬಹುದು. ತಡವಾದಷ್ಟೂ ಕಷ್ಟ.

ಕಾಲುವೆ ದಂಡೆ | ಶನಿವಾರ, ಮಧ್ಯಾಹ್ನ 2.15

ಮಾಡಿದೆ ಸರ್. ಹಳೆಯ ಕ್ಯಾಲೆಂಡರ್ ಹಿಂಬದಿಯಲ್ಲಿ ನೀವು ಕಳಿಸಿದ ಅಳತೆಯಂತೆ ಅಕ್ಷರ ಬರೆದು ಹುಣಸೆಮರಕ್ಕೆ ಕಟ್ಟಿದೆ. ಮಕ್ಕಳಿಗೆ ಅದು ಆಟವಾಯಿತು, ತಮ್ಮ ಸರದಿಗಾಗಿ ಜಗಳವಾಡಿದರು.

38ರಲ್ಲಿ ಮೂವರು ಕೆಳಗಿನ ಸಾಲುಗಳನ್ನು ಓದಲಿಲ್ಲ. ಅವರಲ್ಲಿ ಒಬ್ಬಳು ಯಾವಾಗಲೂ ಮುಂದಿನ ಸಾಲಿಗೆ ನುಗ್ಗಿ ಕೂರುವ ಹುಡುಗಿ. ಹಠಮಾರಿ ಎಂದು ನಾನೇ ಎರಡು ಸಲ ಗದರಿದ್ದೆ.

ನಾಲ್ಕನೆಯವನು ಎರಡನೇ ತರಗತಿಯ ಹುಡುಗ, ಓದಿನಲ್ಲಿ ಚುರುಕು. ಬಲಗಣ್ಣು ತೆರೆದಾಗ ಕೊನೆಯ ಸಾಲಿನವರೆಗೆ ಓದಿದ. ಬಲಗಣ್ಣು ಮುಚ್ಚಿಸಿದಾಗ ನನ್ನ ಕೈ ತಳ್ಳಿದ. ಮತ್ತೆ ಮುಚ್ಚಿಸಿದರೆ ‘ಮಿಸ್, ಕತ್ತಲೆ ಮಾಡಬೇಡಿ’ ಎಂದು ಅತ್ತುಬಿಟ್ಟ. ಚಾರ್ಟ್‌ನ ಮೇಲಿನ ದೊಡ್ಡ ಅಕ್ಷರವೂ ಅವನಿಗೆ ಕಾಣಲಿಲ್ಲ. ಏಳು ವರ್ಷ ನಾಲ್ಕು ತಿಂಗಳು ಅವನಿಗೆ, ಹಾಜರಿ ಪುಸ್ತಕ ತೆಗೆದು ಎರಡು ಸಲ ಲೆಕ್ಕ ಹಾಕಿದೆ.

ಸಂಜೆ ಅವರ ಮನೆಗೆ ಹೋದೆ. ತಂದೆ ಕಬ್ಬಿನ ಗಾಡಿಯಿಂದ ಇಳಿದವರು ಅಂಗಳದಲ್ಲೇ ನಿಂತು ಕೇಳಿಸಿಕೊಂಡರು. ತಮ್ಮ ಕೈಯಿಂದಲೇ ಮಗನ ಬಲಗಣ್ಣು ಮುಚ್ಚಿ, ಮುಂದೆ ಬೆರಳು ಹಿಡಿದು ‘ಎಷ್ಟಪ್ಪ?’ ಎಂದು ಕೇಳಿದರು. ಅವನು ಅಂದಾಜಿನಲ್ಲಿ ಹೇಳಿದ. ಅವರು ಮತ್ತೇನೂ ಮಾತಾಡಲಿಲ್ಲ. ಸೋಮವಾರ ಮೊದಲ ಬಸ್ಸಿಗೆ ನಾಲ್ವರು ಮಕ್ಕಳನ್ನೂ ಕರೆದುಕೊಂಡು ನಿಮ್ಮ ಆಸ್ಪತ್ರೆಗೆ ಬರುತ್ತಿದ್ದೇವೆ ಸರ್. ಅಮ್ಮನೂ ಬರುತ್ತಾರೆ, ಎಡಗಣ್ಣು ತೋರಿಸಲು.

ನೇತ್ರಾಧಿಕಾರಿ | ಶನಿವಾರ, ಮಧ್ಯಾಹ್ನ 2.30

ಒಂಬತ್ತು ಗಂಟೆಗೆ ಬಾಗಿಲಲ್ಲೇ ಇರುತ್ತೇನೆ. ಮಕ್ಕಳಿಗೆ ತಿಂಡಿ ಕೊಟ್ಟು ಕರೆತನ್ನಿ, ಪಾಪೆ ಅಗಲ ಮಾಡಲು ಹೊತ್ತು ಹಿಡಿಯುತ್ತದೆ.